ಪುರುಸೊತ್ತು ಯಾರಪ್ಪನ ಸ್ವತ್ತು?

ಎರಡು ದಿನದ ಅಧ್ಯಯನ ಶಿಬಿರ ಮುಗಿಯುವ ಹೊತ್ತಿಗೆ ಮೇಟಗಳ್ಳಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಅಣ್ಣಾ, ನಾಳೆ ಭಾನುವಾರ. ಎಲ್ರೂ ಕೆಆರ್‌ಎಸ್‌ಗೆ ಹೋಗಿ ಒಂದ್ ಗಳಿಗೆ ದೋಣೀಲಿ ಕೂತ್ಕಂಡು ಬರಾನ್ವಾ?" ವೇದಿಕೆ ಮೇಲಿದ್ದ ಹಿರಿಯರು ನಗಲಿಲ್ಲ. "ಜನ ಕೂಳಿಲ್ದೆ ಸಾಯ್ತಾವ್ರೆ, ನಿಮ್ಗೆ ದೋಣಿ ವಿಹಾರ ಕೇಡು. ಅದೆಲ್ಲ ಹೊಟ್ಟೆ ತುಂಬಿದೋರ ಶೋಕಿ" ಅಂದರು. ಚಪ್ಪಾಳೆ ಬಿತ್ತು. ಹುಡುಗಿ ಕೂತಳು.

ಆ ಹಿರಿಯರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವಿಲ್ಲ. ಭೂಮಿ ಹೋರಾಟದಲ್ಲಿ ಲಾಠಿ ತಿಂದವರು ಅವರು. ನನ್ನ ತಕರಾರು ಇರುವುದು ಆ ಚಪ್ಪಾಳೆಯ ಬಗ್ಗೆ. ನೀರಿನ ಮೇಲೆ ಒಂದು ಗಳಿಗೆ ಸುಮ್ಮನೆ ಕೂತಿರಬೇಕು ಅನ್ನುವ ಆಸೆ ಉಳ್ಳವರಿಗೆ ಮಾತ್ರ ಸೇರಿದ್ದು ಅಂತ ತೀರ್ಮಾನ ಮಾಡಿದವರು ಯಾರು? ನಾವೇ ಮಾಡಿದೆವೆ, ಇಲ್ಲಾ ಅವರು ಬರೆದಿಟ್ಟಿದ್ದನ್ನು ನಾವು ಬಾಯಿಪಾಠ ಒಪ್ಪಿಸುತ್ತಿದ್ದೇವೆಯೆ?

ಮೊದಲು ಮಾತನ್ನೇ ನೋಡೋಣ. ವಿರಾಮ, ವಿಶ್ರಾಂತಿ, ವಿಹಾರ — ಇವು ಪುಸ್ತಕದ ಮಾತು. ನಮ್ಮ ಕೇರಿಗಳಲ್ಲಿ ಇರುವ ಮಾತು ಪುರುಸೊತ್ತು. ಅದೂ ಇಲ್ಲ ಅನ್ನುವುದಕ್ಕೇ ಹೆಚ್ಚಾಗಿ ಬಳಕೆಯಾಗುವ ಮಾತು. "ಸಾಯಕ್ಕೂ ಪುರುಸೊತ್ತಿಲ್ಲ" ಅಂತ ನಮ್ಮ ಅವ್ವಂದಿರು ಹೇಳುವಾಗ ಅದು ಅಲಂಕಾರವಲ್ಲ. ಕಳೆ ಕಿತ್ತು ಬಂದು, ಸೌದೆ ತಂದು, ಮುದ್ದೆ ತೊಳಸಿ, ಯಜಮಾನರ ಕೊಟ್ಟಿಗೆ ಗುಡಿಸಿ ಬರುವಷ್ಟರಲ್ಲಿ ದಿನ ಸತ್ತಿರುತ್ತಿತ್ತು. ಜೀತಕ್ಕೆ ಸೇರಿದವನಿಗೆ ಹಗಲು ರಾತ್ರಿ ಅನ್ನುವ ಗಡಿಯೇ ಇರಲಿಲ್ಲ.

ಇನ್ನೊಂದು ಮಾತು ಸೋಮಾರಿ. ಬೆಳಗ್ಗಿನಿಂದ ಸಂಜೆವರೆಗೆ ಜಗಲಿ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂರುವವನಿಗೆ ನಮ್ಮ ಹಳ್ಳಿಗಳಲ್ಲಿ ಏನಂತಾರೆ? ಯಜಮಾನ್ರು ಅಂತಾರೆ. ಬೆಳಗ್ಗಿನಿಂದ ನೇಗಿಲು ಹೂಡಿ ಹೊಂಗೆ ಮರದ ಕೆಳಗೆ ಒಂದು ಬೀಡಿ ಹಚ್ಚುವಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತವನಿಗೆ? ಸೋಮಾರಿ ಬಡ್ಡೀಮಗ. ಕೂರುವುದು ಒಂದೇ. ಒಬ್ಬನದು ದೊಡ್ಡಸ್ತಿಕೆ, ಇನ್ನೊಬ್ಬನದು ಅಪರಾಧ. ಮೇಷ್ಟರುಗಳು ದಯವಿಟ್ಟು ಇದನ್ನು ಗಮನಿಸಬೇಕು, ಯಾಕೆಂದರೆ ಶಾಲೆಯಲ್ಲಿ ಹಿಂದಿನ ಬೆಂಚಿನ ಮಗು ಕಿಟಕಿಯಾಚೆ ನೋಡುತ್ತಾ ಕೂತರೆ ಅದರ ಜಾತಿ ನೋಡಿಯೇ ಅದಕ್ಕೆ ಹೆಸರು ಬೀಳುತ್ತದೆ. ಒಂದು ಮಗು ಯೋಚನೆ ಮಾಡುತ್ತಿರುತ್ತದೆ, ಇನ್ನೊಂದು ತೂಕಡಿಸುತ್ತಿರುತ್ತದೆ.

ಜಾತಿ ಅನ್ನುವುದು ದುಡಿಮೆಯ ವಿಂಗಡಣೆಯಲ್ಲ, ದುಡಿಯುವವರ ವಿಂಗಡಣೆ ಅಂತ ಬಾಬಾಸಾಹೇಬರು ೧೯೩೬ರಲ್ಲಿ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು. ಅದನ್ನು ಒಂದು ಹೆಜ್ಜೆ ಮುಂದೆ ಎಳೆದರೆ, ಜಾತಿ ಪುರುಸೊತ್ತಿನ ವಿಂಗಡಣೆಯೂ ಹೌದು. ಯಾರು ದುಡಿಯಬೇಕು ಅಂತ ಹೇಳಿದ ಬಾಯೇ ಯಾರು ಕೂರಬಹುದು ಅಂತಲೂ ಹೇಳಿತು.

ಕನ್ನಡ ಎಂ.ಎ. ಓದುವ ಗೆಳೆಯರಿಗೆ ಅಷ್ಟಾದಶ ವರ್ಣನೆ ಗೊತ್ತಿರುತ್ತದೆ. ಮಹಾಕಾವ್ಯ ಅನ್ನಿಸಿಕೊಳ್ಳಬೇಕಾದರೆ ಹದಿನೆಂಟು ವರ್ಣನೆ ಇರಬೇಕು, ಅದರಲ್ಲಿ ಜಲಕ್ರೀಡೆಯೂ ಒಂದು. ರಾಜ, ರಾಣಿಯರು, ತಾವರೆ, ನೀರೆರಚಾಟ. ಪರೀಕ್ಷೆಗೆ ಇದನ್ನೆಲ್ಲ ಬರೆದಿದ್ದೇವೆ, ಮಾರ್ಕೂ ತಗೊಂಡಿದ್ದೇವೆ. ಆ ಕೊಳ ತೋಡಿದವರು, ಹೂಳು ಎತ್ತಿದವರು, ರಾಣಿಯರು ಬರುವ ಮುಂಚೆ ಪಾಚಿ ತೆಗೆದವರು ಯಾರು ಅಂತ ಮಾತ್ರ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ದೇವರ ಕಥೆಯೂ ಇಷ್ಟೆ. ಚಾಮುಂಡಿ ಬೆಟ್ಟದ ಮೇಲೆ, ನಂಜನಗೂಡಿನ ಕಪಿಲೆಯಲ್ಲಿ ತೆಪ್ಪೋತ್ಸವ ನಡೆಯುತ್ತದೆ. ಕಲ್ಲಿನ, ಲೋಹದ ಮೂರ್ತಿಗೂ ವರ್ಷಕ್ಕೊಂದು ಸಂಜೆ ದೀಪದ ಬೆಳಕಲ್ಲಿ ನೀರಿನ ಮೇಲೆ ತೇಲುವ ಹಕ್ಕಿದೆ. ದೇವರು ತೇಲುತ್ತಾನೆ, ಭಕ್ತ ದಡದಲ್ಲಿ ಕೈಮುಗಿದು ನಿಂತಿರುತ್ತಾನೆ. ಆ ದಡಕ್ಕೂ ಬರಕೂಡದವರು ಎಷ್ಟು ತಲೆಮಾರು ಆಚೆ ನಿಂತಿದ್ದರೋ ಲೆಕ್ಕವಿಲ್ಲ.

ಸ್ವಲ್ಪ ದೂರ ಹೋಗಿ ಬರೋಣ. ಫ್ರಾನ್ಸಿನ ದಕ್ಷಿಣದಲ್ಲಿ ಮಿದಿ ಕಾಲುವೆ ಅಂತ ಒಂದಿದೆ. ತುಲೂಸ್ ಪಟ್ಟಣದಿಂದ ಮೆಡಿಟರೇನಿಯನ್ ಕಡಲಿನ ಹಿನ್ನೀರಿನವರೆಗೆ ೨೪೦ ಕಿಲೋಮೀಟರು. ಇವತ್ತು ಅದು ಪುರುಸೊತ್ತಿನ ಕಾಲುವೆ. ಜನ ಒಂದು ದೋಣಿ ಬಾಡಿಗೆಗೆ ಹಿಡಿದು, ಸಾಲು ಮರದ ನೆರಳಲ್ಲಿ, ದ್ರಾಕ್ಷಿ ತೋಟ ನೋಡುತ್ತಾ, ಗಂಟೆಗೆ ಏಳೆಂಟು ಕಿಲೋಮೀಟರಿನ ಒಳಗೇ ದಿನವಿಡೀ ಸಾಗುತ್ತಾರೆ. ನಮ್ಮ ಎತ್ತಿನಗಾಡಿಗಿಂತ ಒಂದಿಷ್ಟು ಜೋರು, ಸೈಕಲ್ಲಿಗಿಂತ ನಿಧಾನ. ಎಲ್ಲಿಗೂ ಬೇಗ ತಲುಪಬಾರದು ಅನ್ನುವುದೇ ಆ ಪ್ರಯಾಣದ ಉದ್ದೇಶ.

ಆದರೆ ಅದನ್ನು ತೋಡಿದ್ದು ಪುರುಸೊತ್ತಿಗಲ್ಲ. ೧೬೬೬ರಿಂದ ೧೬೮೧ರವರೆಗೆ, ಹದಿನಾಲ್ಕನೆಯ ಲೂಯಿಯ ಆಳ್ವಿಕೆಯಲ್ಲಿ, ವ್ಯಾಪಾರದ ಸರಕು ಸಾಗಿಸಲು. ಅದನ್ನು ಮಾಡಿಸಿದ ಪಿಯರ್ ಪಾಲ್ ರಿಕೆ ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ಬಡವನ ಗಂಜಿಯ ಉಪ್ಪಿನ ದುಡ್ಡೂ ಆ ನೀರಿನಲ್ಲಿ ಕರಗಿದೆ. ಹೆಚ್ಚು ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಸುಮಾರು ೧೨ ಸಾವಿರ ಮಂದಿ ಅಲ್ಲಿ ದುಡಿದರು. ಅವರಲ್ಲಿ ಪಿರನೀಸ್ ಬೆಟ್ಟದ ಹಳ್ಳಿಗಳ ಹೆಂಗಸರೂ ಇದ್ದರು. ಬೆಟ್ಟದ ನೀರನ್ನು ಹೊಲಕ್ಕೆ ತಿರುಗಿಸಿ ಅಭ್ಯಾಸವಿದ್ದ ಅವರ ತಿಳಿವಳಿಕೆ ಆ ಕಾಲುವೆಗೆ ಬಂತು ಅಂತ ಈಚಿನ ಇತಿಹಾಸಕಾರರು ಹೇಳುತ್ತಾರೆ. ಹೆಸರು ಉಳಿದದ್ದು ಮಾತ್ರ ರಿಕೆಯದು. ಆತ ಕೆಲಸ ಮುಗಿಯುವ ಮೊದಲೇ, ೧೬೮೦ರಲ್ಲಿ ತೀರಿಕೊಂಡ. ಒಂದು ಮಾತು ಒಪ್ಪಬೇಕು. ಆಳು ಸಿಗದೆ ಒದ್ದಾಡುವಾಗ ಅವನು ಮಳೆ ಬಂದು ಕೆಲಸ ನಿಂತ ದಿನಕ್ಕೂ, ಹಬ್ಬದ ದಿನಕ್ಕೂ, ಕಾಯಿಲೆ ಬಿದ್ದ ದಿನಕ್ಕೂ ಕೂಲಿ ಕೊಟ್ಟ. ದಯೆಯಿಂದಲ್ಲ, ಸುಗ್ಗಿ ಬಂದರೆ ಜನ ಕೆಲಸ ಬಿಟ್ಟು ಹೊಲಕ್ಕೆ ಹೋಗಿಬಿಡುತ್ತಿದ್ದರು ಅಂತ. ಇವತ್ತು ಮಳೆ ಬಂದರೆ ನಮ್ಮ ಗಾರೆ ಕೆಲಸದವರ ಕೂಲಿ ಏನಾಗುತ್ತದೆ ಅಂತ ನೀವೇ ವಿಚಾರಿಸಿ.

ಇದೇ ಕಾಲಕ್ಕೆ ನಮ್ಮ ಕಾವೇರಿ ದಡದಲ್ಲೂ ಕಾಲುವೆ ತೋಡುವ ಕೆಲಸ ನಡೆಯುತ್ತಿತ್ತು. ಚಿಕ್ಕದೇವರಾಜ ಒಡೆಯರು ಆಳಿದ್ದು ೧೬೭೩ರಿಂದ ೧೭೦೪ರವರೆಗೆ. ಅವರ ಹೆಸರಿನ ನಾಲೆಯಲ್ಲಿ ಇವತ್ತೂ ನೀರು ಹರಿಯುತ್ತದೆ. ನವಕೋಟಿ ನಾರಾಯಣ ಅಂತ ಬಿರುದು. ಆ ಒಂಬತ್ತು ಕೋಟಿ ಎಲ್ಲಿಂದ ಬಂತು ಅನ್ನುವುದಕ್ಕೆ ತೆರಿಗೆ ತಾಳಲಾರದೆ ರೈತರು ದಂಗೆ ಎದ್ದ ಕಥೆಯೇ ಸಾಕ್ಷಿ. ಅಲ್ಲಿ ಉಪ್ಪಿನ ತೆರಿಗೆ, ಇಲ್ಲಿ ಹೊಲದ ತೆರಿಗೆ. ಕಾಲುವೆಗಳು ಮಾತ್ರ ಅಣ್ಣತಮ್ಮಂದಿರ ಹಾಗೆ. (ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸಿದ ನಾಲೆಯಂತೂ ಇನ್ನೊಂದು ಕಥೆ. ಭೂಮಿ ಸೀಳಿದ್ದು ಆಯಿತು, ಕಾವೇರಿ ಬರಲಿಲ್ಲ. ಅಗೆದವರ ಬೆವರು ಮಾತ್ರ ಅದರಲ್ಲಿ ಹರಿಯಿತು.)

ಸರಕಿನ ಕಾಲುವೆ ವಿಹಾರದ ಕಾಲುವೆ ಆದದ್ದು ಹೇಗೆ? ಅರ್ಧ ಉತ್ತರ ರೈಲು, ಲಾರಿ. ಸರಕು ಅತ್ತ ಹೋಯಿತು, ಕಾಲುವೆ ಖಾಲಿ ಆಯಿತು. ಇನ್ನರ್ಧ ಉತ್ತರ ನಮಗೆ ಬೇಕಾದದ್ದು. ೧೯೩೬ರ ಮೇ-ಜೂನ್‌ನಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆ ಬಿಟ್ಟು ಹೊರಗೆ ಬರಲಿಲ್ಲ, ಒಳಗೇ ಕೂತುಬಿಟ್ಟರು. ಲಕ್ಷಾಂತರ ಮಂದಿ. ಲಿಯೋನ್ ಬ್ಲುಮ್‌ನ ಸರ್ಕಾರ ಆ ಜೂನ್‌ನಲ್ಲೇ ವಾರಕ್ಕೆ ೪೦ ಗಂಟೆ ಕೆಲಸ, ವರ್ಷಕ್ಕೆ ಎರಡು ವಾರ ಸಂಬಳದ ರಜೆ ಅಂತ ಕಾಯ್ದೆ ಮಾಡಿತು. ರೈಲು ಟಿಕೇಟಿನ ದರವನ್ನೂ ಇಳಿಸಿತು. ಆ ಬೇಸಗೆಯಲ್ಲಿ ಎಷ್ಟೋ ಕಾರ್ಮಿಕ ಕುಟುಂಬಗಳು ಮೊದಲ ಸಲ ಕಡಲು ನೋಡಿದವು. ತಮ್ಮ ಕಡಲ ದಡಕ್ಕೆ ಈ ಮಂದಿ ಬಂದುಬಿಟ್ಟರಲ್ಲ ಅಂತ ಅಲ್ಲಿನ ಧನಿಕರೂ ಮೂಗು ಮುರಿದರು.

ಪುರುಸೊತ್ತು ಅನ್ನುವುದು ಅಲ್ಲೂ ಆಕಾಶದಿಂದ ಬೀಳಲಿಲ್ಲ. ನಮ್ಮಲ್ಲೂ ಬೀಳಲಿಲ್ಲ. ನಾವು ಅನುಭವಿಸುವ ಭಾನುವಾರವನ್ನು ಬ್ರಿಟಿಷರ ಚರ್ಚು ಕೊಟ್ಟಿತು ಅಂದುಕೊಂಡವರೇ ಹೆಚ್ಚು. ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಗೆದ್ದುಕೊಟ್ಟವರು ನಾರಾಯಣ ಮೇಘಾಜಿ ಲೋಖಂಡೆ, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಂಗಾತಿ. ೧೮೮೪ರಲ್ಲಿ ಸಂಘ ಕಟ್ಟಿದರು, ೧೮೯೦ರ ಜೂನ್‌ನಲ್ಲಿ ಗಿರಣಿ ಮಾಲೀಕರು ಒಪ್ಪಿದರು. ಆಮೇಲೆ ೧೯೪೨ರಿಂದ ೧೯೪೬ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಅಂಬೇಡ್ಕರ್ ಅವರ ಕಾಲದಲ್ಲಿ ಸಂಬಳದ ರಜೆಯ ಕಾಯ್ದೆ ಬಂತು. ವಾರಕ್ಕೆ ೫೪ ಗಂಟೆ ಇದ್ದ ಕಾರ್ಖಾನೆ ದುಡಿಮೆ ೪೮ಕ್ಕೆ ಇಳಿಯಿತು. ಹೊಟ್ಟೆಪಾಡಿನ ಲೆಕ್ಕಕ್ಕಷ್ಟೇ ಅವರು ಇದನ್ನು ಮಾಡಲಿಲ್ಲ. ಗಾಂಧಿವಾದವನ್ನು ಟೀಕಿಸಿ ೧೯೪೫ರಲ್ಲಿ ಬರೆದ ಪುಸ್ತಕದಲ್ಲಿ ಅವರು ವಾದಿಸುವುದನ್ನು ನೋಡಿ: ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಸಂಸ್ಕೃತಿ, ಸಂಸ್ಕೃತಿಗೆ ಬೇಕಾದದ್ದು ಬಿಡುವು, ಬಿಡುವು ಕೊಡಬಲ್ಲದ್ದು ಯಂತ್ರ. ಯಂತ್ರ ಬೇಡ, ರಾಟೆ ಸಾಕು ಅನ್ನುವವನು ಬಡವನನ್ನು ಹಗಲಿಡೀ ದುಡಿತಕ್ಕೇ ಕಟ್ಟಿಹಾಕುತ್ತಾನೆ. ಮಹಾರಾಷ್ಟ್ರದ ಒಬ್ಬ ಅಸ್ಪೃಶ್ಯ ಇದನ್ನು ಹೇಳಿದ ಅನ್ನುವುದಕ್ಕೆ ತೂಕವಿದೆ. ಶತಮಾನಗಳ ಕಾಲ ದುಡಿಮೆಯ ಹಿರಿಮೆ ಹಾಡಿದವರು ದುಡಿಯದವರೇ.

ಇದೇ ಬಾಬಾಸಾಹೇಬರು ನದಿಗಳ ಬಗ್ಗೆಯೂ ಯೋಚಿಸಿದ್ದರು ಅನ್ನುವುದನ್ನು ನಮ್ಮ ಭಾಷಣಕಾರರು ಹೇಳುವುದು ಕಡಿಮೆ. ೧೯೪೫ರ ನವೆಂಬರಿನಲ್ಲಿ ಕಟಕ್‌ನಲ್ಲಿ ಒಡಿಶಾದ ನದಿಗಳ ಕುರಿತು ಮಾತಾಡುತ್ತಾ, ಅಣೆಕಟ್ಟು ಕಟ್ಟುವುದಾದರೆ ನೀರಾವರಿಗೂ ವಿದ್ಯುತ್ತಿಗೂ ಜತೆಗೆ ದೋಣಿ ಸಂಚಾರಕ್ಕೂ ಆಗುವ ಹಾಗೆ ಕಟ್ಟಬೇಕು ಅಂದರು. ನಮ್ಮ ನಾಲೆಗಳಿಗೆ ಆ ಯೋಗ ಬರಲಿಲ್ಲ. ೧೯೧೧ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಕನ್ನಂಬಾಡಿ ಊರು ನೀರಲ್ಲಿ ಮುಳುಗಿತು. ಅದರ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರಿಟ್ಟರು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರಾಯಿತು. ಕಲ್ಲು ಹೊತ್ತವರ ಹೆಸರು ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಆ ನೀರು ಗದ್ದೆಗೆ, ಕಬ್ಬಿಗೆ. ಸರಿಯೇ, ಅನ್ನ ಮುಖ್ಯ. ಆದರೆ ಮಂಡ್ಯದ ಕೂಲಿಕಾರನಿಗೆ ನಾಲೆ ಅಂದರೆ ಎಮ್ಮೆ ಮೈ ತೊಳೆಯುವ, ಬಟ್ಟೆ ಒಗೆಯುವ, ಕಾಲು ಜಾರಿದರೆ ಹೆಣ ಆಗುವ ಜಾಗ. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ ೩೦ ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅವರಲ್ಲಿದ್ದರು. ಫ್ರೆಂಚರು ಕಾಲುವೆಯ ಮೇಲೆ ತೇಲುತ್ತಾರೆ, ನಾವು ಬಿದ್ದವರನ್ನು ಎತ್ತುತ್ತೇವೆ.

ಈಗ ಆ ಹುಡುಗಿಯ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ನೀರು ನಮಗೆ ಬರೀ ನೀರಲ್ಲ. ಹೊಳೆಯಲ್ಲಿ ಮೇಲಿನವರ ಘಟ್ಟ ಮೇಲೆ, ನಮ್ಮದು ಕೆಳಗೆ. ಅವರು ಮಿಂದ ನೀರು ನಮ್ಮ ಕಡೆ ಹರಿದರೆ ಮೈಲಿಗೆ ಇಲ್ಲ, ನಮ್ಮ ಕೈ ಅವರ ನೀರಿಗೆ ತಾಗಿದರೆ ಲೋಕ ಕೆಡುತ್ತದೆ. ೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಬಾಯಾರಿ ಕುಡಿಯಲಿಲ್ಲ. ಆ ನೀರು ಕುಡಿಯದಿದ್ದರೆ ಸಾಯುತ್ತೇವೆ ಅಂತ ನಾವು ಬಂದಿಲ್ಲ, ನಾವೂ ಮನುಷ್ಯರು ಅಂತ ತೋರಿಸಲು ಬಂದಿದ್ದೇವೆ ಅನ್ನುವುದೇ ಅವರ ನಿಲುವಾಗಿತ್ತು.

ಇದನ್ನು ನಿಧಾನವಾಗಿ ಯೋಚಿಸಬೇಕು. ಬಾಯಾರಿಕೆಗೆ ನೀರು ಬೇಕು ಅಂದರೆ ಜಾತಿವಂತನೂ ಎತ್ತರದಿಂದ ಬೊಗಸೆಗೆ ಹುಯ್ಯುತ್ತಾನೆ. ಪುಣ್ಯವೂ ಬರುತ್ತದೆ ಅವನಿಗೆ. ಹಸಿವಿಗೆ ಅನ್ನ ಬೇಕು ಅಂದರೆ ಸರ್ಕಾರ ಕೊಡುತ್ತದೆ, ಫೋಟೋ ಹಾಕಿಕೊಂಡು. ನಮ್ಮ ಅಗತ್ಯಗಳನ್ನು ಕರುಣೆ ಪೂರೈಸಬಲ್ಲದು. ಆದರೆ ನಾನು ನೀರಿನ ಮೇಲೆ ಸುಮ್ಮನೆ ಕೂರಬೇಕು, ನನಗದು ಇಷ್ಟ ಅಂದರೆ? ಆಗ ಕರುಣೆಯ ಮುಖ ಗಂಟಿಕ್ಕುತ್ತದೆ. "ಇವರಿಗೆ ಇದೂ ಬೇಕಾ?" ಅನ್ನುತ್ತದೆ. ಕೇರಿಯ ಹುಡುಗ ಮದುವೆಯಲ್ಲಿ ಕುದುರೆ ಹತ್ತಿದರೆ, ಮೀಸೆ ತಿರುವಿದರೆ, ಇಸ್ತ್ರಿ ಮಾಡಿದ ಬಟ್ಟೆ ಹಾಕಿದರೆ ಹೊಡೆತ ಬೀಳುವುದು ಈ ಕಾರಣಕ್ಕೆ. ಅವನ ಹಸಿವು ಯಾರಿಗೂ ತೊಂದರೆ ಕೊಡುವುದಿಲ್ಲ. ಅವನ ಸಂತೋಷ ಕೊಡುತ್ತದೆ. ಮೇಟಗಳ್ಳಿಯ ಹುಡುಗಿ ದೋಣಿಯಿಂದ ಕೈ ಇಳಿಬಿಟ್ಟು ಕಾವೇರಿಯನ್ನು ಬೆರಳಲ್ಲಿ ಗೀರುತ್ತಾ ಹೋಗುವುದು ಶೋಕಿಯಲ್ಲ, ಮಹಾಡಿನ ಬೊಗಸೆಗೆ ಅದು ಸಂಬಂಧಿಕ. ಅಂದಹಾಗೆ ವಿಹಾರ ಅನ್ನುವ ಮಾತು ಬೌದ್ಧ ಭಿಕ್ಷುಗಳ ವಾಸಸ್ಥಾನಕ್ಕೂ ಹೆಸರು. ಆ ಮಾತನ್ನು ಪೂರಾ ಅವರಿಗೆ ಬಿಟ್ಟುಕೊಡುವುದು ಬೇಡ.

ಇಷ್ಟು ಹೇಳಿದ ಮೇಲೂ ಆ ಹಿರಿಯರ ಮಾತಿನಲ್ಲಿ ಒಂದು ಮುಳ್ಳು ಉಳಿಯುತ್ತದೆ, ಅದನ್ನು ಕೀಳದೆ ಮುಂದೆ ಹೋಗುವಂತಿಲ್ಲ. ನಾನು ಕೂತಾಗ ಹುಟ್ಟು ಹಾಕುವವನು ಯಾರು? ದೋಣಿಯ ಹುಡುಗನನ್ನು "ಲೋ, ಬೇಗ ನಡಿಯೋ" ಅಂತ ಗದರುವವರಲ್ಲಿ ಈಚೆಗೆ ನಮ್ಮ ಜನವೂ ಇದ್ದಾರೆ. ನೌಕರಿ ಸಿಕ್ಕಿದೆ, ಸ್ಕೂಟರು ಹೋಗಿ ಕಾರು ಬಂದಿದೆ, ನಾಲಿಗೆ ಮಾತ್ರ ಹಳೇ ಯಜಮಾನನದೇ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ಹುಟ್ಟು ಹಿಡಿದ ಕೈಯಲ್ಲೇ ವಚನ ಬರೆದ, ದೊಡ್ಡವರನ್ನೂ ಬಿಡದೆ ಬೈದ. ಕಾಯಕವನ್ನು ಹೊಗಳುವ ನಮ್ಮ ವಿದ್ವಾಂಸರು ಆ ಅಂಬಿಗ ಯಾವಾಗ ದಣಿವಾರಿಸಿಕೊಳ್ಳುತ್ತಿದ್ದ ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಭಾನುವಾರ ಊರಿಗೆಲ್ಲ ರಜ, ದೋಣಿಯವನಿಗೆ ಅವತ್ತೇ ಮೈಮುರಿತ. ಅವನು ಕಂಟ್ರಾಕ್ಟಿನವನಾದರೆ ಅವನ ರಜ ಯಾವ ವಾರ?

ಫ್ರಾನ್ಸಿನ ಆ ಕಾಲುವೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಅಲ್ಲಿನ ಸಾಲು ಮರಗಳಲ್ಲ. ಅದರಲ್ಲಿ ಅರುವತ್ತಕ್ಕೂ ಹೆಚ್ಚು ಕಡೆ ಏರು ತಗ್ಗು ದಾಟಿಸುವ ಬಾಗಿಲುಗಳಿವೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ನೀರು ಏರಿಸಿ ಇಲ್ಲವೇ ಇಳಿಸಿ, ಆಚೆ ಬಿಡುತ್ತಾರೆ. ಅದನ್ನು ನೋಡಿಕೊಳ್ಳಲು ಕೆಲಸಗಾರರಿದ್ದಾರೆ. ಮಧ್ಯಾಹ್ನ ಒಂದು ಗಂಟೆ ಹೊತ್ತು ಬಾಗಿಲು ಬಂದ್. ಅವರು ಊಟಕ್ಕೆ ಹೋಗುತ್ತಾರೆ. ಆ ಒಂದು ಗಂಟೆ ಯಾರ ದೋಣಿಯೂ ದಾಟುವುದಿಲ್ಲ. ಲಕ್ಷಾಧೀಶ್ವರ ಬಂದರೂ ದಡಕ್ಕೆ ಹಗ್ಗ ಕಟ್ಟಿ ಕಾಯಬೇಕು. ಬೈದು ಪ್ರಯೋಜನವಿಲ್ಲ, ಬಾಗಿಲು ತೆಗೆಯುವ ಕೈ ಊಟದ ತಟ್ಟೆಯಲ್ಲಿದೆ. ಹೀಗೆ ಒಬ್ಬನ ಪುರುಸೊತ್ತು ಇನ್ನೊಬ್ಬನ ಪುರುಸೊತ್ತನ್ನು ತಿನ್ನದೆ, ಅದಕ್ಕಾಗಿ ಕಾದು ನಿಲ್ಲುವಂತಾದರೆ ಆ ವಿಹಾರದಲ್ಲಿ ಪಾಪವಿಲ್ಲ ಅಂತ ನನ್ನ ತೀರ್ಪು. ಎಲ್ಲಿ ಒಬ್ಬನ ವಿಹಾರಕ್ಕೆ ಇನ್ನೊಬ್ಬನ ಊಟದ ಹೊತ್ತು ಬಲಿಯಾಗುತ್ತದೋ ಅಲ್ಲಿ ದೋಣಿ ತೇಲುವುದು ಬೆವರಿನ ಮೇಲೆ.

ನಮ್ಮ ಕಡೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ೨೦೨೩ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆಗಳಲ್ಲಿ ದಿನಕ್ಕೆ ೧೨ ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ತಿದ್ದುಪಡಿ ಪಾಸು ಮಾಡಿತು. ವಾರದ ಲೆಕ್ಕ ೪೮ ಗಂಟೆಯೇ ಅಂತ ಸಮಾಧಾನ ಹೇಳಿದರು. ಅದೇ ಅಕ್ಟೋಬರಿನಲ್ಲಿ, ಮೇಟಗಳ್ಳಿಯ ನೆರೆಯ ಹೆಬ್ಬಾಳದಲ್ಲಿ ದೊಡ್ಡ ಕ್ಯಾಂಪಸ್ಸು ಇರುವ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ ೭೦ ಗಂಟೆ ದುಡಿಯಬೇಕು ಅಂದರು. ಲೋಖಂಡೆ, ಅಂಬೇಡ್ಕರ್ ಒಂದೊಂದು ಗಂಟೆಯಾಗಿ ಕಿತ್ತು ತಂದದ್ದನ್ನು ದೇಶಪ್ರೇಮದ ಹೆಸರಲ್ಲಿ ವಾಪಸು ಕೇಳುತ್ತಿದ್ದಾರೆ. ಹೋರಾಟಗಾರರಾದ ನಾವೂ ಪುರುಸೊತ್ತು ಪಾಪ ಅಂತ ಚಪ್ಪಾಳೆ ತಟ್ಟಿದರೆ ಅವರ ಕೆಲಸ ಸಲೀಸು.

ಮೇಟಗಳ್ಳಿಯಲ್ಲಿ ಟೈರು ಕಾರ್ಖಾನೆ ಇದೆ, ದೇಶದ ನೋಟು ಅಚ್ಚು ಹಾಕುವ ಮುದ್ರಣಾಲಯವೂ ಇದೆ. ಕೆಆರ್‌ಎಸ್ ರಸ್ತೆ ಊರ ಮಗ್ಗುಲಲ್ಲೇ ಹಾದುಹೋಗುತ್ತದೆ. ಭಾನುವಾರ ಬಂದರೆ ಟೂರಿಸ್ಟು ಬಸ್ಸುಗಳು ಬೃಂದಾವನದ ಕಡೆ ಸಾಲುಗಟ್ಟುತ್ತವೆ. ನೈಟ್ ಶಿಫ್ಟ್ ಮುಗಿಸಿದ ಗಂಡಸರು ಮಧ್ಯಾಹ್ನದವರೆಗೂ ಮಲಗುತ್ತಾರೆ. ಅವರ ಮನೆಗಳಲ್ಲಿ ಅವತ್ತು ಬಾಡೂಟ. ಮಸಾಲೆ ರುಬ್ಬುವವಳು, ನೆಂಟರಿಗೆ ಬಡಿಸುವವಳು, ವಾರದ ಬಟ್ಟೆ ಒಗೆಯುವವಳು ಅವಳೇ. ಲೋಖಂಡೆ ಗೆದ್ದ ಭಾನುವಾರ ಒಲೆ ಮುಂದಕ್ಕೆ ಬಂದು ಅಲ್ಲೇ ನಿಂತಿದೆ. ನಮ್ಮ ಸಂಘಟನೆಗಳ ಠರಾವುಗಳಲ್ಲೂ ಅದು ಒಲೆ ದಾಟಿದ್ದು ನನಗೆ ಕಾಣಲಿಲ್ಲ.

ಇಲ್ಲೇ ಮೂವತ್ತು ವರ್ಷದಿಂದ ಇರುವ ಒಬ್ಬ ಅಕ್ಕನನ್ನು ಕೇಳಿದೆ, ಕೆಆರ್‌ಎಸ್‌ನಲ್ಲಿ ದೋಣಿ ಹತ್ತಿದ್ದೀಯಾ ಅಂತ. ಇಲ್ಲ ಅಂದಳು. ಹತ್ತಿದರೆ ಏನು ಮಾಡಬೇಕು ಅಂತ ಅವಳೇ ವಾಪಸು ಕೇಳಿದಳು. ಏನೂ ಮಾಡುವುದಲ್ಲಕ್ಕಾ, ಸುಮ್ಮನೆ ಕೂರುವುದು ಅಂದೆ. ಕೈಲಿದ್ದ ಬೆಳ್ಳುಳ್ಳಿ ಸುಲಿಯುತ್ತಲೇ ನನ್ನ ಮುಖ ನೋಡಿದಳು.

"ಏನೂ ಮಾಡ್ದೆ ಹೆಂಗಪ್ಪಾ ಕೂರದು?"